ಶುಗರ್ ರೋಗಿಗಳು ಜಾಸ್ತಿ ಅಂತ ಷೇರೂ ಏರುತ್ತಾ?

ಅಡಿಕೆ ಮಾರಿದ ಎರಡು ಲಕ್ಷ ಪೂರ್ತಿ ಶುಗರ್ ಔಷಧಿ ಕಂಪನಿಗೆ ಹಾಕಲಾ, ತೀರ್ಥಹಳ್ಳಿಯಲ್ಲಿ ಮನೆಗೊಬ್ಬರಿಗೆ ಶುಗರ್ ಇದೆಯಲ್ಲ ಅಂತ ಕೇಳಿದ್ದೀರಿ. ರೋಗಿಗಳು ಜಾಸ್ತಿ, ನಿಜ. 2023ರಲ್ಲಿ ಬಂದ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನ. ಆದರೆ ತುಂಬಾ ಜನ ನುಂಗುವುದು ಮೆಟ್‌ಫಾರ್ಮಿನ್. ಹಳೇ ಮಾತ್ರೆ, ಹತ್ತಾರು ಕಂಪನಿಗಳು ಮಾಡುತ್ತವೆ, ಮೇಲಿಂದ ಸರ್ಕಾರ ಬೆಲೆಗೆ ಮಿತಿ ಹಾಕಿದೆ. ಅದರಲ್ಲಿ ಎಷ್ಟು ಉಳಿಯುತ್ತೆ ಹೇಳಿ?

ದುಡ್ಡಿರುವುದು ಸೆಮಾಗ್ಲುಟೈಡ್ ಥರದ ಹೊಸ ಇಂಜೆಕ್ಷನ್‌ನಲ್ಲಿ. ಅದರ ಪೇಟೆಂಟ್, ಅಂದರೆ ಬೇರೆಯವರು ಮಾಡದಂತೆ ತಡೆಯುವ ಹಕ್ಕು, ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ನಮ್ಮ ಕಂಪನಿಗಳೆಲ್ಲ ಒಟ್ಟಿಗೆ ನುಗ್ಗುವ ಲೆಕ್ಕ. ಊರೆಲ್ಲ ಶುಂಠಿ ಹಾಕಿದ ವರ್ಷ ರೇಟು ಏನಾಗುತ್ತೆ ಅಂತ ನಿಮಗೇ ಗೊತ್ತಲ್ವಾ? ಈ ಇಂಜೆಕ್ಷನ್ ಕಂಡುಹಿಡಿದ ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಷೇರೇ 2025ರ ಜುಲೈನಲ್ಲಿ ಒಂದೇ ದಿನ 20 ಪರ್ಸೆಂಟ್‌ಗಿಂತ ಜಾಸ್ತಿ ಬಿತ್ತು.

ನಾನೂ ಅಪ್ಪನ ಇನ್ಸುಲಿನ್ ಬಿಲ್ ನೋಡಿ ಸುಮ್ನೆ ಒಂದು ಷೇರು ತಗೊಂಡಿದ್ದೆ. ಆಮೇಲೆ ವಾರ್ಷಿಕ ವರದಿ ತೆಗೆದು ನೋಡಿದರೆ ಆ ಕಂಪನಿಯ ವ್ಯಾಪಾರದಲ್ಲಿ ಶುಗರ್ ಔಷಧಿಯ ಪಾಲು ಚೂರೇ ಚೂರು! ನೀವು ಮೊದಲು ಅದನ್ನು ನೋಡಿ. ಹಾಕಲೇಬೇಕು ಅಂದರೆ ಇಪ್ಪತ್ತು ಸಾವಿರದಿಂದ ಶುರು ಮಾಡಿ, ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಖರ್ಚಿನ ದುಡ್ಡು ಮಾತ್ರ ಮುಟ್ಟಬೇಡಿ.