ಪೈಥಾನ್‌ನಲ್ಲಿ ಎಕ್ಸ್‌ಎಮ್‌ಎಲ್ ಓದುವಾಗ ಬರುವ ‘ಇನ್‌ವ್ಯಾಲಿಡ್ ಟೋಕನ್’

ಎಕ್ಸ್‌ಎಮ್‌ಎಲ್ (ಡೇಟಾವನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ಫಾರ್ಮ್ಯಾಟ್) ಫೈಲನ್ನು ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಓದಿಸಿದರೆ ಎರರ್ ಬರ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಿಮ್ಮ ಸ್ಕ್ರಿಪ್ಟ್ ಸರಿಯಾಗೇ ಇದೆ. ಎಲಿಮೆಂಟ್‌ಟ್ರೀ (ಎಕ್ಸ್‌ಎಮ್‌ಎಲ್ ಓದುವ ಪೈಥಾನ್‌ನದೇ ಲೈಬ್ರರಿ) ‘ಇನ್‌ವ್ಯಾಲಿಡ್ ಟೋಕನ್, ಲೈನ್ 214, ಕಾಲಮ್ 37’ ಅಂತ ಕೊಡ್ತಿದೆ ಅಂದಿರಲ್ಲ, ತಪ್ಪು ಇರೋದು ಫೈಲ್‌ನಲ್ಲೇ. ಪೈಥಾನ್ ಮರುಇನ್‌ಸ್ಟಾಲ್ ಮಾಡಿ ಸುಮ್ನೆ ಸಮಯ ಕಳೀಬೇಡಿ.

ಮೊದಲು 214ನೇ ಸಾಲನ್ನು ‘ರೆಪ್ರ್’ (ಪೈಥಾನ್‌ನ repr ಫಂಕ್ಷನ್) ಹಾಕಿ ಪ್ರಿಂಟ್ ಮಾಡಿ. ಕಣ್ಣಿಗೆ ಕಾಣದ ಕಂಟ್ರೋಲ್ ಅಕ್ಷರ ಇದ್ದರೆ ಆಗ ಕಾಣುತ್ತೆ. ಕಾಲಮ್ ಲೆಕ್ಕ 0ಯಿಂದ, ಸಾಲಿನ ಲೆಕ್ಕ 1ರಿಂದ ಶುರು. ಕನ್ನಡ ಸಾಲಾದರೆ ಕಣ್ಣಲ್ಲಿ ಎಣಿಸಲೇಬೇಡಿ. ‘ಕ್ಷ’ ನಮಗೆ ಒಂದೇ ಅಕ್ಷರ, ಯೂನಿಕೋಡ್‌ಗೆ ಮೂರು: ಕ, ವಿರಾಮ (ಅರ್ಧಾಕ್ಷರದ ‘್’ ಚಿಹ್ನೆ), ಷ.

ನನ್ನ ಊಹೆ: ಅಲ್ಲಿ ಒಂದು ಒಂಟಿ & ಇರುತ್ತೆ. ನನಗೂ ಹೀಗೇ ಆಗಿತ್ತು. ಒಂದು ಅಂಗಡಿಯ ದಾಸ್ತಾನು ಪಟ್ಟಿಯಲ್ಲಿ ಯಾರೋ ‘ಬೇಳೆ & ಕಾಳು’ ಅಂತ ಟೈಪ್ ಮಾಡಿದ್ದರು. ಆ ಒಂದು ಚಿಹ್ನೆಗೆ ಅರ್ಧ ದಿನ ಹೋಯ್ತು! ಎಕ್ಸ್‌ಎಮ್‌ಎಲ್‌ನಲ್ಲಿ & ಬಂದರೆ ಮುಂದೆ ಎಂಟಿಟಿಯ (ಒಂದು ಚಿಹ್ನೆಯ ಬದಲು ಬರೆಯುವ ಸಂಕೇತದ) ಹೆಸರು ಇಲ್ಲವೇ # ಜೊತೆ ಸಂಖ್ಯೆ ಬರಬೇಕು. ಸ್ಪೇಸ್ ಬಂದರೆ ಪಾರ್ಸರ್ (ಫೈಲ್ ಓದಿ ಬಿಡಿಸುವ ಕೋಡ್) ಅಲ್ಲೇ ನಿಲ್ಲುತ್ತೆ.

ಹಾಗಂತ ಎಲ್ಲ & ಗಳನ್ನೂ ಕಣ್ಮುಚ್ಚಿ ರಿಪ್ಲೇಸ್ ಮಾಡಬೇಡಿ. ಆಗಲೇ ಸರಿಯಾಗಿ ಎಸ್ಕೇಪ್ ಆಗಿರುವವು (ಅಂದರೆ & ಬದಲು & ಅಂತ ಬರೆದಿರುವವು) ಎರಡೆರಡು ಸಲ ಎಸ್ಕೇಪ್ ಆಗಿ ಕೆಡ್ತವೆ. ಫೈಲ್ ತಯಾರಿಸುವ ಕೋಡ್ ನಿಮ್ಮ ಕೈಯಲ್ಲೇ ಇದ್ದರೆ ಅಲ್ಲೇ ಪೈಥಾನ್‌ನದೇ ಸ್ಯಾಕ್ಸ್‌ಯುಟಿಲ್ಸ್ (xml.sax.saxutils) ಮಾಡ್ಯೂಲ್‌ನ ‘ಎಸ್ಕೇಪ್’ ಫಂಕ್ಷನ್ ಬಳಸಿ. ಇಲ್ಲದಿದ್ದರೆ ಮುಂದೆ ಎಂಟಿಟಿಯಾಗಲಿ # ಸಂಖ್ಯೆಯಾಗಲಿ ಇಲ್ಲದ & ಮಾತ್ರ ಹಿಡಿಯುವ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬರೆಯಿರಿ.

ಇನ್ನೊಂದು ಲೈಬ್ರರಿಯಾದ ಎಲ್‌ಎಕ್ಸ್‌ಎಮ್‌ಎಲ್‌ನ ‘ರಿಕವರ್’ (ತಪ್ಪಿದ್ದರೂ ಮುಂದೆ ಓದು ಅನ್ನುವ ಆಯ್ಕೆ) ಹಾಕಿ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಹೇಳಿದ್ದಾರೆ. ಎರರ್ ಹೋಗುತ್ತೆ ನಿಜ, ಆದರೆ ಕೆಟ್ಟ ಜಾಗದ ಡೇಟಾ ಸದ್ದಿಲ್ಲದೆ ಬಿಟ್ಟುಹೋಗಬಹುದು. ಬಿಲ್ಲು, ಲೆಕ್ಕದ ಫೈಲ್‌ಗೆ ನಾನಂತೂ ಹಾಕಲ್ಲ.

214ನೇ ಸಾಲಿನಲ್ಲಿ & ಇಲ್ಲದಿದ್ದರೆ ಆ ಪ್ರಿಂಟ್ ಆದ ಸಾಲನ್ನು ಇಲ್ಲಿ ಹಾಕಿ, ನೋಡೋಣ.