ಟೆಸ್ಟೋಸ್ಟೆರಾನ್ ಚುಚ್ಚುಮದ್ದಿನಿಂದ ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ನನಗೆ 66 ವರ್ಷ. ಒಂದು ವರ್ಷದಿಂದ ಸುಸ್ತು ಇದೆ, ಕಾಮಾಸಕ್ತಿಯೂ ಕುಂದಿದೆ. ಒಮ್ಮೆ ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ 240 (ಪ್ರತಿ ಡೆಸಿಲೀಟರಿಗೆ ನ್ಯಾನೊಗ್ರಾಂ) ಇದ್ದುದರಿಂದ ವೈದ್ಯರು ಚುಚ್ಚುಮದ್ದು ಸೂಚಿಸಿದ್ದಾರೆ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ) 1.8 ಇದೆ. ನನ್ನ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ಈ ಚುಚ್ಚುಮದ್ದಿನಿಂದ ನನಗೂ ಬರಬಹುದೇ?

ಉತ್ತರ: ಟೆಸ್ಟೋಸ್ಟೆರಾನ್ ಹಾರ್ಮೋನನ್ನು ತಯಾರಿಸುವ ವೃಷಣಗಳನ್ನು ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆಂದು 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ತೋರಿಸಿದಂದಿನಿಂದ, ಹಾರ್ಮೋನ್ ಹೆಚ್ಚಿಸಿದರೆ ಕ್ಯಾನ್ಸರ್ ಹುಟ್ಟುತ್ತದೆ ಎಂಬ ಭಯ ವೈದ್ಯರಲ್ಲೂ ದಶಕಗಳ ಕಾಲ ಉಳಿದಿತ್ತು. ಮೊದಲನೆಯ ಮಾತು ಇಂದಿಗೂ ಸತ್ಯ, ಎರಡನೆಯದಕ್ಕೆ ಆಧಾರ ಸಿಗಲಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳು ಸಾಕಷ್ಟು ಕೆಳಮಟ್ಟದಲ್ಲೇ ಭರ್ತಿಯಾಗುವುದರಿಂದ, ಆಮೇಲೆ ಸೇರಿಸಿದ್ದು ತುಂಬಿದ ಕೊಡಕ್ಕೆ ಹೊಯ್ದ ನೀರಿನಂತೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ.

2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ 45ರಿಂದ 80 ವರ್ಷದ 5,000ಕ್ಕೂ ಹೆಚ್ಚು ಪುರುಷರಿದ್ದರು. ತೀವ್ರ ಸ್ವರೂಪದ ಪ್ರಾಸ್ಟೇಟ್ ಕ್ಯಾನ್ಸರ್ ಟೆಸ್ಟೋಸ್ಟೆರಾನ್ ಪಡೆದವರಲ್ಲಿ 5 ಮಂದಿಗೆ, ಹುಸಿಮದ್ದು ಪಡೆದವರಲ್ಲಿ 3 ಮಂದಿಗೆ ಕಂಡುಬಂತು. ಈ ಅಂತರಕ್ಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅರ್ಥವಿಲ್ಲ. ಆದರೆ ಪಿಎಸ್‌ಎ 3ಕ್ಕಿಂತ ಹೆಚ್ಚಿದ್ದವರನ್ನು ಅಲ್ಲಿ ಸೇರಿಸಿಕೊಂಡಿರಲಿಲ್ಲ, ಸರಾಸರಿ ನಿಗಾ ಮೂರು ವರ್ಷವನ್ನೂ ಮುಟ್ಟಲಿಲ್ಲ. ನಿಧಾನವಾಗಿ ಬೆಳೆಯುವ ರೋಗಕ್ಕೆ ಅದು ಚಿಕ್ಕ ಅವಧಿಯೇ.

ಅಣ್ಣನಿಗೆ ಈ ರೋಗ ಬಂದಿದ್ದರಿಂದ, ಚುಚ್ಚುಮದ್ದು ತೆಗೆದುಕೊಂಡರೂ ಬಿಟ್ಟರೂ, ನಿಮ್ಮ ಅಪಾಯ ಇತರರಿಗಿಂತ ಸುಮಾರು ಇಮ್ಮಡಿ. ಆದ್ದರಿಂದ ಈಗಾಗಲೇ ಒಳಗೆ ಗಡ್ಡೆ ಅಡಗಿದೆಯೇ ಎಂದು ನೋಡದೆ ಚಿಕಿತ್ಸೆ ಆರಂಭಿಸಬಾರದು. ಪಿಎಸ್‌ಎ 1.8 ಇರುವುದು ಸಮಾಧಾನದ ಸಂಗತಿ, ಆದರೂ ವೈದ್ಯರಿಂದ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯ ಪರೀಕ್ಷೆ ಮಾಡಿಸಿಕೊಳ್ಳಿ. ಮೂತ್ರದ ತೊಂದರೆಗೆ ಫಿನಾಸ್ಟರೈಡ್ ಸೇವಿಸುತ್ತಿದ್ದರೆ ಮುಚ್ಚಿಡಬೇಡಿ, ಆ ಮಾತ್ರೆ ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಚಿಕಿತ್ಸೆ ಆರಂಭಿಸಿದರೆ ಮೊದಲ ವರ್ಷದೊಳಗೆ ಪಿಎಸ್‌ಎ ಮತ್ತೆ ನೋಡಬೇಕು. ಅಲ್ಪ ಏರಿಕೆ ಸಹಜ, 1.4ಕ್ಕಿಂತ ಹೆಚ್ಚು ಏರಿ, ಮರುಪರೀಕ್ಷೆಯಲ್ಲೂ ಹಾಗೆಯೇ ಇದ್ದರೆ ಮೂತ್ರರೋಗ ತಜ್ಞರನ್ನು ಕಾಣಬೇಕು.

ಆದರೆ ನನಗೆ ಹೆಚ್ಚು ಅನುಮಾನವಿರುವುದು ಚಿಕಿತ್ಸೆಯ ಅಗತ್ಯದ ಬಗ್ಗೆಯೇ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಸಂಜೆಯ ಒಂದೇ ಪರೀಕ್ಷೆಯನ್ನು ನಂಬಿ ಕೊರತೆಯೆಂದು ತೀರ್ಮಾನಿಸಲಾಗದು. ಬೇರೆ ಬೇರೆ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬಾರಿ ಪರೀಕ್ಷಿಸಿ. ಜೊತೆಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೆಯೇ ನೋಡಿಸಿ, ಏಕೆಂದರೆ ಈ ಹಾರ್ಮೋನಿನಿಂದ ಕಾಮಾಸಕ್ತಿ ತಕ್ಕಮಟ್ಟಿಗೆ ಸುಧಾರಿಸಿದರೂ ಸುಸ್ತು ಅಷ್ಟಾಗಿ ಕಡಿಮೆಯಾಗುವುದಿಲ್ಲ.