ಸಂಬಂಧ ಕೇಂದ್ರಿತ ಮನೋಚಿಕಿತ್ಸೆ ಎಂದರೇನು? ಮಾತನಾಡಿದರೆ ಗುಣವಾಗುತ್ತದೆಯೇ?

ಆಗಬಹುದು. ಆದರೆ ಯಾರೊಂದಿಗೆ, ಎಂಥ ನಂಬಿಕೆಯಲ್ಲಿ ಮಾತನಾಡುತ್ತೀರಿ ಎಂಬುದರ ಮೇಲೆ ಅದು ಬಹಳಷ್ಟು ನಿಂತಿದೆ. ಈ ಪದ್ಧತಿಯಲ್ಲಿ ನಿಮ್ಮ ಮತ್ತು ಚಿಕಿತ್ಸಕರ ನಡುವಿನ ಸಂಬಂಧವೇ ಚಿಕಿತ್ಸೆಯ ಮುಖ್ಯ ಸಾಧನ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲೇ ಚಿಕಿತ್ಸಕರಲ್ಲಿ ಇರಬೇಕಾದ ಗುಣಗಳನ್ನು ಹೇಳಿದ್ದರು: ಸಹಾನುಭೂತಿ, ನಟನೆಯಿಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಸ್ವೀಕಾರ. ಗುರಿ ಮತ್ತು ವಿಧಾನಗಳಿಗೆ ಇಬ್ಬರ ಒಪ್ಪಿಗೆಯೂ ಬೇಕೆಂದು 1979ರಲ್ಲಿ ಮತ್ತೊಬ್ಬ ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ ಸೇರಿಸಿದರು.

ನನಗೆ ಇದರಲ್ಲಿ ಅತ್ಯಂತ ಮಹತ್ವದ್ದೆನಿಸುವುದು ಮುನಿಸಿನ ಕ್ಷಣ. ಮನೆಯಲ್ಲಿ ಸದಾ ತಲೆಯಾಡಿಸುತ್ತಲೇ ಬೆಳೆದವರು ಚಿಕಿತ್ಸಕರ ಎದುರಿಗೂ ಬೇಸರವನ್ನು ನುಂಗಿಕೊಳ್ಳುತ್ತಾರೆ. ‘ಹೋದ ವಾರ ನೀವು ಹೇಳಿದ ಮಾತಿನಿಂದ ನೋವಾಯಿತು’ ಎಂದು ಒಮ್ಮೆ ಬಾಯಿಬಿಟ್ಟಾಗ, ಎದುರಿಗಿರುವವರು ಸಿಡುಕದೆ ಗಮನವಿಟ್ಟು ಕೇಳಿ ತಮ್ಮ ಪಾಲನ್ನು ಒಪ್ಪಿಕೊಂಡರೆ, ಅದೊಂದು ಹೊಚ್ಚ ಹೊಸ ಅನುಭವ. ಆ ಧೈರ್ಯ ನಿಧಾನವಾಗಿ ಮನೆಗೆ, ಕಚೇರಿಗೆ ಹರಡಬಲ್ಲದು.

ತೀವ್ರ ಖಿನ್ನತೆಯಿದ್ದರೆ ಮನೋವೈದ್ಯರ ಔಷಧವೂ ಬೇಕಾಗಬಹುದು.

ಬೆಂಗಳೂರಿನಲ್ಲಿ ಅನೇಕರು ಇಂಗ್ಲಿಷಿನಲ್ಲೇ ಸಮಾಲೋಚನೆ ಆರಂಭಿಸುತ್ತಾರೆ. ನಿಮಗೆ ಅಳು ಬರುವುದು ಕನ್ನಡದಲ್ಲಾದರೆ ಕನ್ನಡ ಬಲ್ಲವರನ್ನೇ ಕೇಳಿ ಪಡೆಯಿರಿ, ಸಂಕೋಚ ಬೇಡ. ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.